ಮೊಡವೆ ಮಾತ್ರೆ ನುಂಗಿ ಕೆರೆ ಕೆಲಸಕ್ಕೆ ಹೋದೆ, ಕೈ ಮುಖ ಸುಟ್ಟಿತು: ಮಾತ್ರೆ ಬಿಡಬೇಕಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮದುವೆಯಾಗಿ ಒಂದೂವರೆ ವರ್ಷ ಆಯ್ತು. ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು (ಕೂಲಿಕಾರರ ಗುಂಪು ನೋಡಿಕೊಳ್ಳುವ ಮೇಟ್) ಆಗಿ ಕೆಲಸ ಮಾಡುತ್ತೇನೆ. ಮುಖದ ಮೇಲೆ ಕೀವು ತುಂಬಿದ ದೊಡ್ಡ ಮೊಡವೆ ಬರುತ್ತಿದ್ದವು. ರಾಯಚೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಡಾಕ್ಸಿಸೈಕ್ಲಿನ್ 100 ಎಂಜಿ ದಿನಕ್ಕೆ ಎರಡು, ರಾತ್ರಿ ಹಚ್ಚಲು ಒಂದು ಮುಲಾಮು ಬರೆದುಕೊಟ್ಟರು. ಮೊಡವೆ ಕಡಿಮೆ ಆಗುತ್ತಾ ಬಂತು. ಅಷ್ಟರಲ್ಲಿ ಕೆರೆ ಹೂಳೆತ್ತುವ ಕೆಲಸ ಶುರುವಾಯ್ತು. ಮೂರನೇ ದಿನ ಮೂಗು, ಕೆನ್ನೆ, ಎರಡೂ ಕೈಗಳ ಹಿಂಭಾಗ ಚುರುಚುರು ಅನ್ನಲು ಶುರುವಾಗಿ ಸಂಜೆಗೆ ವಿಪರೀತ ಉರಿ. ಮರುದಿನ ಊದಿಕೊಂಡು ಕೈಮೇಲೆ ಒಂದೆರಡು ನೀರುಗುಳ್ಳೆ ಎದ್ದವು. ವಾಚ್ ಕಟ್ಟುವ ಜಾಗ ಮಾತ್ರ ಚೆನ್ನಾಗಿದೆ. ಜೊತೆಗಿದ್ದ ಯಾರಿಗೂ ಹೀಗೆ ಆಗಿಲ್ಲ. ನಮ್ಮ ಅತ್ತೆ ‘ಉಷ್ಣ ಆಗ್ಯಾದ’ ಅಂತ ಮಜ್ಜಿಗೆ ಕುಡಿಸುತ್ತಿದ್ದಾರೆ. ಮೆಡಿಕಲ್ ಶಾಪಿನವರು ಅಲರ್ಜಿ ಅಂತ ಒಂದು ಟ್ಯೂಬ್ ಕೊಟ್ಟರು. ಮಾತ್ರೆ ಬಿಡಬೇಕಾ? ಹಾಲಿನ ಜೊತೆ ನುಂಗಿದರೆ ಉಷ್ಣ ಆಗಲ್ವಾ? ಈ ಕಪ್ಪು ಹೋಗುತ್ತಾ? ಬರುವ ತಿಂಗಳು ತಮ್ಮನ ಮದುವೆ ಇದೆ. ಕೆಲಸ ಮಾತ್ರ ಬಿಡುವ ಹಾಗಿಲ್ಲ.

ಉತ್ತರ: ವಾಚ್ ಕಟ್ಟುವ ಜಾಗ ಚೆನ್ನಾಗಿದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮಾತ್ರೆಯ ಮದ್ದು ರಕ್ತದ ಜೊತೆ ಮೈಯೆಲ್ಲಾ ಓಡಾಡುತ್ತದೆ. ವಾಚಿನ ಕೆಳಗೂ ಅದೇ ಮದ್ದು, ಪಕ್ಕದಲ್ಲೂ ಅದೇ ಮದ್ದು. ಆದರೆ ಸುಟ್ಟಿದ್ದು ಬಿಸಿಲು ಬಿದ್ದ ಕಡೆ ಮಾತ್ರ. ಇನ್ನೊಮ್ಮೆ ಕನ್ನಡಿ ಹಿಡಿದು ನೋಡಿ. ಗದ್ದದ ಕೆಳಗೆ, ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಏನೂ ಆಗಿರುವುದಿಲ್ಲ. ಹಾಗಿದ್ದರೆ ಇದು ಮದ್ದು ಮತ್ತು ಬಿಸಿಲು ಎರಡೂ ಸೇರಿ ಮಾಡಿದ ಸುಟ್ಟಗಾಯ. ಬರೀ ಮಾತ್ರೆಯಿಂದ ಆಗಿದ್ದಲ್ಲ, ಬರೀ ಬಿಸಿಲಿನಿಂದಲೂ ಅಲ್ಲ.

ಜೊತೆಗಿದ್ದವರಿಗೆ ಏಕೆ ಆಗಲಿಲ್ಲ ಅಂದರೆ, ಅವರ ಮೈಯಲ್ಲಿ ಈ ಮಾತ್ರೆ ಇರಲಿಲ್ಲ, ಅಷ್ಟೇ. ನಿಮ್ಮ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ನೆಲದಡಿ ದುಡಿಯುವ ಒಬ್ಬರು ಇದೇ ಮಾತ್ರೆಯನ್ನು ಇದೇ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೂ ಅವರಿಗೆ ಏನೂ ಗೊತ್ತಾಗದೆ ಹೋಗಬಹುದು. ಅದಕ್ಕೇ ನಾನು ಹೇಳುವುದು, ನಮ್ಮ ಕಡೆ ಈ ಮಾತ್ರೆ ಬರೆಯುವ ಮೊದಲು ಡಾಕ್ಟರು ‘ನೀವು ಏನು ಕೆಲಸ ಮಾಡುತ್ತೀರಿ?’ ಅಂತ ಕೇಳಲೇಬೇಕು. ಕೇಳದಿದ್ದರೆ ನೀವಾಗೇ ಹೇಳಿ. ಮದ್ದಿನ ಆಯ್ಕೆ, ಅದರ ಪ್ರಮಾಣ, ನುಂಗುವ ಹೊತ್ತು ಎಲ್ಲವೂ ಆ ಒಂದು ಮಾತಿನ ಮೇಲೆ ಬದಲಾಗುತ್ತವೆ.

ಒಳಗೆ ನಡೆಯುವುದು ಇಷ್ಟು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅದರಲ್ಲಿ ಎರಡು ಬಗೆ ನಮಗೆ ಮುಖ್ಯ. ಯುವಿ-ಬಿ ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ, ಸಾಮಾನ್ಯ ಬಿಸಿಲುಗಾಯ ಮಾಡುವುದು ಅದೇ. ಯುವಿ-ಎ ಇನ್ನೂ ಒಳಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಮುಖ್ಯವಾಗಿ ಈ ಯುವಿ-ಎಯನ್ನು ಹೀರಿಕೊಳ್ಳುತ್ತದೆ. ಹೀರಿದ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಕೆರಳಿ ಚರ್ಮದ ಜೀವಕೋಶಗಳನ್ನು ಹಾಳು ಮಾಡುತ್ತದೆ. ಇದಕ್ಕೆ ಅಲರ್ಜಿ ಇರಬೇಕಾಗಿಲ್ಲ. ಮದ್ದು ಸಾಕಷ್ಟಿದ್ದು ಬಿಸಿಲೂ ಸಾಕಷ್ಟು ಬಿದ್ದರೆ ಯಾರಿಗಾದರೂ ಆಗಬಹುದು. ಪ್ರಮಾಣ ಜಾಸ್ತಿ ಆದಷ್ಟೂ ಸುಡುವುದು ಜಾಸ್ತಿ. ನೀವು ನುಂಗುತ್ತಿದ್ದದ್ದು ದಿನಕ್ಕೆ 200 ಎಂಜಿ. 100 ಎಂಜಿಗಿಂತ ಅಪಾಯ ಹೆಚ್ಚು. ಮೊಡವೆಗೆ ಎಷ್ಟೋ ಜನರಿಗೆ ದಿನಕ್ಕೆ 100 ಎಂಜಿಯೇ ಸಾಕಾಗುತ್ತದೆ, ಇದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಯುವಿ-ಎ ಬಗ್ಗೆ ಇನ್ನೊಂದು ಮಾತು. ಅದು ಬೆಳಿಗ್ಗೆಯಿಂದ ಸಂಜೆವರೆಗೂ ಒಂದಲ್ಲ ಒಂದು ಮಟ್ಟದಲ್ಲಿ ಇದ್ದೇ ಇರುತ್ತದೆ. ಸಾಮಾನ್ಯ ಕಿಟಕಿ ಗಾಜನ್ನೂ ದಾಟುತ್ತದೆ. ಲಿಂಗಸುಗೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಗಾಜು ಹಾಕಿದೆ ಅಲ್ವಾ ಅಂತ ನೆಮ್ಮದಿಯಾಗಿರಬೇಡಿ. ಬಿಸಿಲು ಬೀಳದ ಕಡೆಯ ಸೀಟು ಹಿಡಿಯಿರಿ.

ನಮ್ಮ ಬಣ್ಣದ ಜನರಲ್ಲಿ ಒಂದು ತೊಂದರೆ ಇದೆ. ಪುಸ್ತಕದಲ್ಲಿ ‘ಕೆಂಪಾಗುತ್ತದೆ’ ಅಂತ ಬರೆದಿರುತ್ತದೆ. ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಉರಿ ಇರುತ್ತದೆ, ಬಿಗಿತ ಇರುತ್ತದೆ, ಆಮೇಲೆ ಕಪ್ಪಾಗುತ್ತದೆ. ಮನೆಯವರು ಬಿಸಿಲಿಗೆ ಕಪ್ಪಾಗಿದೆ ಬಿಡು ಅನ್ನುತ್ತಾರೆ, ಮದ್ದು ನೆನಪಿಗೇ ಬರುವುದಿಲ್ಲ. ಅದಕ್ಕೇ ಚುರುಚುರು ಅನ್ನುವುದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಡಾಕ್ಸಿಸೈಕ್ಲಿನ್ ನುಂಗುವವರಲ್ಲಿ ಮೂಗಿನ ತುದಿ, ಕೈ ಹಿಂಭಾಗ ಸೂಜಿ ಚುಚ್ಚಿದಂತೆ ಆಗುವುದು ಮೊದಲ ಸೂಚನೆ. ಚರ್ಮ ನೋಡಲು ಇನ್ನೂ ಸರಿ ಇರುತ್ತದೆ. ಆ ಹೊತ್ತಿಗೇ ನೆರಳಿಗೆ ಬಂದರೆ ನೀರುಗುಳ್ಳೆವರೆಗೆ ಹೋಗುವುದು ತಪ್ಪಬಹುದು.

ಈಗ ಮಾತ್ರೆ ವಿಷಯ. ನಿಮಗೆ ನೀರುಗುಳ್ಳೆ ಎದ್ದಿದೆ, ಮಾತ್ರೆ ಕೊಟ್ಟಿರುವುದು ಮೊಡವೆಗೆ. ಹಾಗಾಗಿ ಇವತ್ತಿನಿಂದ ನಿಲ್ಲಿಸಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ. ಒಂದೆರಡು ವಾರ ಮಾತ್ರೆ ಇಲ್ಲದಿದ್ದರೆ ಮೊಡವೆಯಿಂದ ಪ್ರಾಣಕ್ಕೇನೂ ಬರುವುದಿಲ್ಲ. ಆದರೆ ನಿಲ್ಲಿಸಿದ ಮರುದಿನವೇ ಬಿಸಿಲಿಗೆ ಹೋಗಬೇಡಿ. ಮೈಯಲ್ಲಿರುವ ಈ ಮದ್ದು ಅರ್ಧಕ್ಕೆ ಇಳಿಯಲು 16ರಿಂದ 22 ಗಂಟೆ ಬೇಕು. ಉಳಿದ ಅರ್ಧದ ಅರ್ಧ ಇಳಿಯಲು ಮತ್ತೆ ಅಷ್ಟೇ ಹೊತ್ತು. ಲೆಕ್ಕ ಹಾಕಿದರೆ ನಾಲ್ಕೈದು ದಿನ ಎಚ್ಚರಿಕೆ ಬೇಕೇ ಬೇಕು.

ಇದನ್ನು ಓದುವ ಬೇರೆಯವರು ದಯವಿಟ್ಟು ಗಮನಿಸಿ, ‘ನಿಲ್ಲಿಸಿ’ ಅನ್ನುವ ಮಾತು ಎಲ್ಲರಿಗೂ ಅಲ್ಲ. ಡಾಕ್ಸಿಸೈಕ್ಲಿನ್ ಮೊಡವೆಗೆ ಮಾತ್ರ ಕೊಡುವ ಮದ್ದಲ್ಲ. ಸ್ಕ್ರಬ್ ಟೈಫಸ್, ಇಲಿಜ್ವರದಂಥ ಕಾಯಿಲೆಗಳಲ್ಲಿ ಅದು ಜೀವ ಉಳಿಸುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಕುರಿಗಾರರ ಬಗ್ಗೆ. ಕೊಪ್ಪಳ, ರಾಯಚೂರು ಕಡೆ ಕುರಿ ಮೇಕೆ ಸಾಕುವ ಮನೆಗಳಲ್ಲಿ ಬ್ರುಸೆಲ್ಲಾ ಜ್ವರ ಬರಬಹುದು. ಕುರಿ ಕಂದು ಹಾಕಿದಾಗ, ಅಂದರೆ ಗರ್ಭಪಾತವಾದಾಗ, ಬರಿಗೈಯಲ್ಲಿ ಮುಟ್ಟಿದರೆ, ಕಾಯಿಸದ ಹಾಲು ಕುಡಿದರೆ ಅದು ಅಂಟುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ 100 ಎಂಜಿ ದಿನಕ್ಕೆ ಎರಡು ಸಲ, ಪೂರ್ತಿ 6 ವಾರ, ಇನ್ನೊಂದು ಮದ್ದಿನ ಜೊತೆ ಕೊಡಬೇಕು. ಆರು ವಾರವೂ ಆ ಮನುಷ್ಯ ಅಡವಿಯಲ್ಲಿ ಕುರಿ ಹಿಂದೆ ಬಿಸಿಲಲ್ಲೇ ಇರುತ್ತಾನೆ. ಕೈ ಸುಟ್ಟಿತು ಅಂತ ನಡುವೆ ಮಾತ್ರೆ ಬಿಟ್ಟರೆ ಜ್ವರ ಮರುಕಳಿಸುತ್ತದೆ, ಬೆನ್ನುಮೂಳೆ, ಕೀಲುಗಳಲ್ಲಿ ಕೂರುತ್ತದೆ. ಅಂಥವರು ಮಾತ್ರೆ ಬಿಡಬಾರದು, ಬಿಸಿಲು ಬಿಡಬೇಕು. ಆ ಆರು ವಾರ ಮನೆಯಲ್ಲಿ ಇನ್ನೊಬ್ಬರು ಕುರಿ ಕಾಯಲಿ. ಆಗದೇ ಹೋದರೆ ಮೈ ಪೂರ್ತಿ ಮುಚ್ಚಿಕೊಂಡು ಹೋಗಬೇಕು, ಸುಟ್ಟರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು, ತಾವಾಗೇ ನಿಲ್ಲಿಸಬಾರದು.

ಸುಟ್ಟ ಜಾಗಕ್ಕೆ ಈಗ ಮಾಡಬೇಕಾದ್ದು ಕಡಿಮೆ. ಮಡಕೆ ನೀರಿನಷ್ಟು ತಂಪಿನ ನೀರಲ್ಲಿ ಹತ್ತಿ ಬಟ್ಟೆ ಅದ್ದಿ ಹತ್ತು ಹದಿನೈದು ನಿಮಿಷ ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ. ಐಸ್ ಬೇಡ. ಆಮೇಲೆ ವಾಸನೆ ಇಲ್ಲದ ಸಾದಾ ವ್ಯಾಸಲಿನ್ ತೆಳ್ಳಗೆ ಹಚ್ಚಿ. ಗುಳ್ಳೆ ಒಡೆಯಬೇಡಿ, ತಾನೇ ಒಡೆದರೆ ಸಿಪ್ಪೆ ಕೀಳಬೇಡಿ. ಉರಿಗೆ ಪ್ಯಾರಾಸಿಟಮಾಲ್ ಸಾಕು. ಟೂತ್‌ಪೇಸ್ಟ್, ಅರಿಶಿನ, ಇಂಕು ಇವೆಲ್ಲ ಬೇಡ. ರಾತ್ರಿ ಹಚ್ಚುವ ಮೊಡವೆ ಮುಲಾಮನ್ನೂ ಚರ್ಮ ಸುಲಿದು ಮುಗಿಯುವವರೆಗೆ ನಿಲ್ಲಿಸಿ. ಮೊಡವೆ ಮುಲಾಮುಗಳಲ್ಲಿ ಹೆಚ್ಚಿನವು ಚರ್ಮವನ್ನು ಒಣಗಿಸಿ ಕೆರಳಿಸುವಂಥವು, ಸುಟ್ಟ ಚರ್ಮ ಅದನ್ನು ತಡೆಯುವುದಿಲ್ಲ.

ನಿಂಬೆಹಣ್ಣಿನ ಬಗ್ಗೆ ಬೇರೆಯಾಗೇ ಹೇಳಬೇಕು. ಕಪ್ಪು ಹೋಗಲಿ ಅಂತ ಮುಖಕ್ಕೆ ನಿಂಬೆರಸ ಉಜ್ಜುವವರು ತುಂಬಾ ಜನ. ನಿಂಬೆಯಲ್ಲೇ, ಅದರ ಸಿಪ್ಪೆಯಲ್ಲಿ ಇನ್ನೂ ಜಾಸ್ತಿ, ಬಿಸಿಲಿಗೆ ಕೆರಳುವ ವಸ್ತುಗಳಿವೆ. ಹಚ್ಚಿಕೊಂಡು ಹೊರಗೆ ಹೋದರೆ ಮಾತ್ರೆ ಇಲ್ಲದೆಯೂ ಇದೇ ಥರ ಸುಡುತ್ತದೆ, ರಸ ಹರಿದ ದಾರಿಯಲ್ಲೇ ಗೆರೆ ಗೆರೆಯಾಗಿ ಕಪ್ಪಾಗುತ್ತದೆ. ಒಂದು ಗಾಯ ಆರುವ ಮೊದಲು ಇನ್ನೊಂದು ಮಾಡಿಕೊಂಡಂತೆ.

ಮೆಡಿಕಲ್ ಶಾಪಿನ ಟ್ಯೂಬ್ ಮೇಲೆ ಏನು ಬರೆದಿದೆ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಇಂಥ ಹೆಸರಿದ್ದರೆ ಅದು ಸ್ಟೀರಾಯ್ಡ್. ಕಾನೂನಿನ ಪ್ರಕಾರ ಇವಕ್ಕೆ ಡಾಕ್ಟರ ಚೀಟಿ ಬೇಕು. ಬಿಸಿಲುಗಾಯಕ್ಕೆ ಹಗುರವಾದ ಸ್ಟೀರಾಯ್ಡನ್ನು ಕೆಲವೇ ದಿನ ನಾವೇ ಕೊಡುವುದುಂಟು. ಆದರೆ ಜೋರಾದವನ್ನು ಮುಖಕ್ಕೆ ಹಚ್ಚಬಾರದು. ಉರಿ ಬೇಗ ಇಳಿಯುತ್ತದೆ, ಮುಖ ಬೆಳ್ಳಗೂ ಕಾಣುತ್ತದೆ, ಅದೇ ಅದರ ಮೋಸ. ಖುಷಿಯಾಗಿ ತಿಂಗಳಾನುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳ ಎದ್ದು ಕಾಣುತ್ತವೆ, ಮುಖದ ಮೇಲೆ ಕೂದಲು ಬರುತ್ತದೆ, ಮೊಡವೆ ದುಪ್ಪಟ್ಟಾಗುತ್ತದೆ. ಆಮೇಲೆ ಸ್ವಲ್ಪ ಬಿಸಿಲಿಗೂ ಮುಖ ಉರಿಯುತ್ತದೆ. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳ ಮುಖ ಹಾಳಾಗಿರುವುದು ಮೊಡವೆಯಿಂದಲ್ಲ, ಇಂಥ ಟ್ಯೂಬುಗಳಿಂದ. ನನಗೆ ಇದರ ಮೇಲೆ ಕೋಪ ಇದೆ, ಮುಚ್ಚಿಡುವುದಿಲ್ಲ.

ಅತ್ತೆಯವರ ಮಜ್ಜಿಗೆ ಕುಡಿಯಿರಿ. ಬೇಸಿಗೆಯಲ್ಲಿ ಕೆರೆ ಕೆಲಸ ಮಾಡುವವರಿಗೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಏನಿದೆ? ಆದರೆ ಸುಟ್ಟಿದ್ದು ಒಳಗಿನ ಉಷ್ಣದಿಂದಲ್ಲ, ಮಜ್ಜಿಗೆ ಕುಡಿದರೆ ಬಿಸಿಲಿಗೆ ತಡೆ ಸಿಗುವುದಿಲ್ಲ. ಮುಂದೆ ಮತ್ತೆ ಈ ಮಾತ್ರೆ ನುಂಗುವುದಾದರೆ ಮಾತ್ರೆ ಮತ್ತು ಮಜ್ಜಿಗೆ ನಡುವೆ ಎರಡು ಗಂಟೆಯಾದರೂ ಅಂತರ ಇರಲಿ. ಹಾಲಿನ ವಿಷಯವೂ ಅಷ್ಟೇ. ಹಾಲಿನಲ್ಲಿರುವ ಕ್ಯಾಲ್ಸಿಯಂ ಈ ಮದ್ದನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರುವುದು ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎದೆಯುರಿಗೆ ಕುಡಿಯುವ ಔಷಧಿ ಇವು ಹಾಲಿಗಿಂತ ಕೆಟ್ಟದಾಗಿ ಅಡ್ಡ ಬರುತ್ತವೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮುಂದೆ ಡಾಕ್ಟರು ಮತ್ತೆ ಇದೇ ಮಾತ್ರೆ ಕೊಟ್ಟರೆ, ದಿನಕ್ಕೆ ಒಂದೇ ಆದರೆ, ರಾತ್ರಿ ಊಟದ ಜೊತೆ ನುಂಗಬಹುದಾ ಅಂತ ಕೇಳಿ. ರಕ್ತದಲ್ಲಿ ಮದ್ದು ಏರುವ ಹೊತ್ತು ಕತ್ತಲಲ್ಲಿ ಕಳೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಇಳಿದಿರುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೂ ಲಾಭವೇ. ಒಂದು ಷರತ್ತು ಇದೆ. ನುಂಗಿದ ಕೂಡಲೇ ಮಲಗಬಾರದು. ಈ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಮರುದಿನ ಗುಟುಕು ನೀರು ನುಂಗಿದರೂ ಎದೆಯಲ್ಲಿ ಚುಚ್ಚುತ್ತದೆ, ಹಾರ್ಟ್ ಅಟ್ಯಾಕ್ ಅಂತ ಹೆದರಿ ಆಸ್ಪತ್ರೆಗೆ ಓಡುವವರಿದ್ದಾರೆ. ರೊಟ್ಟಿ ಊಟ ಆದಮೇಲೆ ಕುಳಿತು ಅಥವಾ ನಿಂತು ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಅಡ್ಡಾಡಿ, ಆಮೇಲೆ ಮಲಗಿ.

ನಿಮಗೆ ಮದುವೆಯಾಗಿದೆ ಅಂದಿರಿ, ಹಾಗಾಗಿ ಇದನ್ನು ಹೇಳಲೇಬೇಕು. ಮುಟ್ಟು ತಪ್ಪಿದ್ದರೆ ಅಥವಾ ಮಗು ಬೇಕು ಅಂತಿದ್ದರೆ ಡಾಕ್ಸಿಸೈಕ್ಲಿನ್ ಮುಟ್ಟಬೇಡಿ, ಡಾಕ್ಟರಿಗೆ ಮೊದಲೇ ಹೇಳಿ. ಬೇರೆ ಮದ್ದು ಇವೆ. ಮಿನೋಸೈಕ್ಲಿನ್ ಬಿಸಿಲಿಗೆ ಇಷ್ಟು ಕೆರಳುವುದಿಲ್ಲ, ಆದರೆ ಬಹಳ ದಿನ ನುಂಗಿದರೆ ಕೆಲವರಲ್ಲಿ ಚರ್ಮಕ್ಕೆ ನೀಲಿ ಬೂದು ಬಣ್ಣ ಬರುತ್ತದೆ. ಅದೂ ಗರ್ಭಿಣಿಯರಿಗೆ ಆಗದು. ಅಜಿತ್ರೋಮೈಸಿನ್ ಅನ್ನು ಕೆಲವು ಡಾಕ್ಟರು ಬಿಟ್ಟು ಬಿಟ್ಟು ಕೊಡುತ್ತಾರೆ. ಯಾವುದು ನಿಮಗೆ ಸರಿ ಅನ್ನುವುದನ್ನು ಮುಖ ನೋಡಿದವರೇ ಹೇಳಬೇಕು, ಪತ್ರ ಓದಿ ನಾನು ಹೇಳುವುದು ತಪ್ಪಾಗುತ್ತದೆ.

ಇನ್ನು ಬಿಸಿಲು. ‘ಬಿಸಿಲಿಗೆ ಹೋಗಬೇಡಿ’ ಅಂತ ರಾಯಚೂರಿನವರಿಗೆ ಹೇಳುವುದು ಸುಲಭದ ಮಾತು, ಕೇಳುವವರಿಗೆ ನಗು ಬರುತ್ತದೆ. ಹಾಗಾಗಿ ಗಡಿಯಾರದ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ 12ಕ್ಕೆ ಅಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ಅದರ ಹಿಂದೆ ಮುಂದೆ ಎರಡೂವರೆ ಗಂಟೆ, ಅಂದರೆ ಸುಮಾರು 10ರಿಂದ 3ರವರೆಗೆ, ಕಿರಣ ಬಹಳ ಜೋರು. ವಾಚ್ ನೋಡುವುದೂ ಬೇಡ, ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಹೊರಗೆ ನಿಲ್ಲುವ ಹೊತ್ತಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಇದ್ದ ರಿಯಾಯಿತಿ ಕೆರೆಯಂಗಳದಲ್ಲಿ ನಿಲ್ಲುವವರಿಗೂ ಬೇಕಲ್ವಾ?

ಮತ್ತೊಂದು ತಪ್ಪು ಲೆಕ್ಕ ಎಂದರೆ ಸೆಖೆಯನ್ನೇ ಅಳತೆ ಮಾಡಿಕೊಳ್ಳುವುದು. ಅತಿನೇರಳೆ ಕಿರಣಕ್ಕೂ ಸೆಖೆಗೂ ನೇರ ಸಂಬಂಧ ಇಲ್ಲ. ರಾಯಚೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ. ಒಂದು ಮೇ ಮೊದಲ ವಾರದಲ್ಲಿ, ಇನ್ನೊಂದು ಆಗಸ್ಟ್ ಎರಡನೇ ವಾರದ ಆಸುಪಾಸು. ಮೇ ತಿಂಗಳಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಆಗಸ್ಟಿನಲ್ಲಿ ಮೋಡ, ತಂಪು ಗಾಳಿ. ತೆಳು ಮೋಡದಲ್ಲಿ ಈ ಕಿರಣ ಬಹುಪಾಲು ದಾಟಿ ಬರುತ್ತದೆ. ಹತ್ತಿ, ತೊಗರಿ ಹೊಲದಲ್ಲಿ ಕಳೆ ತೆಗೆಯುವವರು ಆಗ ಮೈ ಸುಟ್ಟುಕೊಂಡು ಬಂದು, ಬಿಸಿಲೇ ಇರಲಿಲ್ಲವಲ್ಲ ಅನ್ನುತ್ತಾರೆ.

ಕಾಯಕ ಬಂಧು ಆಗಿರುವುದರಿಂದ ನಿಮಗೆ ಸ್ವಲ್ಪ ಅನುಕೂಲ ಇದೆ. ಅಳತೆ, ಗುರುತು ಹಾಕುವುದು, ಮೊದಲ ಹಾಜರಿ ಫೋಟೊ ಎಲ್ಲವನ್ನೂ ಬೆಳಗ್ಗೆ ಬೇಗ ಮುಗಿಸಿ. ಬರೆಯುವ ಕೆಲಸವನ್ನು ನೆರಳಿಗೆ ತಂದುಕೊಳ್ಳಿ. ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಅನ್ನುವುದು ಖಾತ್ರಿ ಕೆಲಸದ ನಿಯಮದಲ್ಲೇ ಇತ್ತು. ಕೇಳುವುದು ಭಿಕ್ಷೆಯಲ್ಲ. ಜಾಲಿ ಗಿಡದ ನೆರಳನ್ನು ನಂಬಬೇಡಿ, ಎಲೆ ಸಣ್ಣ, ಬಿಸಿಲು ಸೋರುತ್ತದೆ. ಬೇವು, ಹುಣಸೆ ಒಳ್ಳೆಯವು. ಎರಡೂ ಇಲ್ಲದಿದ್ದರೆ ದಪ್ಪ ತಾಡಪಾಲು ಕಟ್ಟಿಸಿ.

ಬಟ್ಟೆಯ ವಿಷಯಕ್ಕೆ ಬಂದರೆ, ಹೊಲಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಸೀರೆ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ಹಾಕುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಮದ್ದು ನನ್ನ ಹತ್ತಿರ ಇಲ್ಲ. ಕ್ರೀಮಿಗಿಂತ ಅಂಗಿಗೇ ನನ್ನ ಮೊದಲ ಮತ. ಬೆವರಿಗೆ ತೊಳೆದು ಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಾಕಬೇಕಾಗಿಲ್ಲ. ಆದರೆ ಯಾವ ಅಂಗಿ ಅನ್ನುವುದು ಮುಖ್ಯ. ಒಗೆದು ಒಗೆದು ಜಾಳಾದ ಬಿಳಿ ಅಂಗಿ ತಂಪು ಅನಿಸುತ್ತದೆ, ಕಿರಣವನ್ನು ಮಾತ್ರ ಒಳಗೆ ಬಿಡುತ್ತದೆ. ನೆನೆದರೆ ಇನ್ನೂ ಜಾಸ್ತಿ ಬಿಡುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಆಚೆ ಬದಿ ಕಂಡರೆ ಅದು ಬೇಡ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಆಗಬೇಕು. ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್ ಬಟ್ಟೆ ಈ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಮೇ ತಿಂಗಳಲ್ಲಿ ಜೀನ್ಸ್ ಅಂಗಿ ಹಾಕಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಮುಂಗೈ, ಕೈ ಹಿಂಭಾಗ ಮುಚ್ಚುವ ಹಾಗೆ ತೋಳು ಹೊಲಿಸಿಕೊಳ್ಳಿ, ಹೆಬ್ಬೆರಳಿಗೆ ಒಂದು ತೂತು ಬಿಡಿಸಿ. ಟೇಲರಿಗೆ ಅರ್ಧ ಗಂಟೆಯ ಕೆಲಸ. ಕೈ ಹಿಂಭಾಗ ಮರೆಯುವವರೇ ಹೆಚ್ಚು. ಗಾಡಿ ಓಡಿಸುವಾಗ ಹ್ಯಾಂಡಲ್ ಹಿಡಿದ ಕೈ ನೇರ ಬಿಸಿಲಿಗೆ ಇರುತ್ತದೆ. ತಲೆಗೆ ಅಗಲ ಅಂಚಿನ ಟೋಪಿ, ಅದರ ಮೇಲೆ ಸೆರಗು ಅಥವಾ ಟವೆಲ್. ಬರೀ ಸೆರಗಿನಿಂದ ಮೂಗಿಗೆ ನೆರಳು ಬೀಳುವುದಿಲ್ಲ.

ಸನ್‌ಸ್ಕ್ರೀನ್ ಬೇಡ ಅನ್ನುತ್ತಿಲ್ಲ. ಮುಖಕ್ಕೆ ಬೇಕು. ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ 50 ಅಂತ ಮಾತ್ರ ನೋಡಬೇಡಿ. ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿಯ ಲೆಕ್ಕ. ನಿಮಗೆ ತೊಂದರೆ ಕೊಟ್ಟಿದ್ದು ಯುವಿ-ಎ. ಅದಕ್ಕೆ ‘ಪಿಎ’ ಅಂತ ಬರೆದು ಮುಂದೆ ಪ್ಲಸ್ ಗುರುತುಗಳಿರುತ್ತವೆ, ಮೂರೋ ನಾಲ್ಕೋ ಇರುವುದನ್ನು ತೆಗೆದುಕೊಳ್ಳಿ. ಜಿಂಕ್ ಆಕ್ಸೈಡ್ ಇರುವುದು ಉರಿ ಮಾಡುವುದು ಕಡಿಮೆ. ಎಣ್ಣೆ ಜಿಡ್ಡಿಲ್ಲದ್ದು ನೋಡಿ, ಇಲ್ಲದಿದ್ದರೆ ಮೊಡವೆ ಜಾಸ್ತಿ ಆಗುತ್ತದೆ. ಬಣ್ಣ ಬೆರೆತ ಸನ್‌ಸ್ಕ್ರೀನ್ ಸಿಕ್ಕರೆ ಕಪ್ಪು ಕಲೆಗೆ ಇನ್ನೂ ಒಳ್ಳೆಯದು, ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಮುಖ ಕುತ್ತಿಗೆಗೆ ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ಒಂದು ವಾರ ಬರುವುದೂ ಕಷ್ಟ. ಕೂಲಿ ಹಣದಲ್ಲಿ ಇದು ಆಗುವ ಮಾತಾ? ಕಡಲೆಕಾಳಿನಷ್ಟು ಹಚ್ಚಿ ಧೈರ್ಯವಾಗಿ ಬಿಸಿಲಿಗೆ ಹೋಗುವುದು ಹಚ್ಚದೇ ಇರುವುದಕ್ಕಿಂತ ಅಪಾಯ. ಅದಕ್ಕೇ ಮೊದಲು ಹೊತ್ತು, ಆಮೇಲೆ ಬಟ್ಟೆ, ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಕ್ರೀಮು.

ಕಪ್ಪಿನ ವಿಷಯ. ಸುಟ್ಟ ಚರ್ಮ ಒಂದು ವಾರದ ಹೊತ್ತಿಗೆ ಸುಲಿಯುತ್ತದೆ. ಮದುವೆ ಹೊತ್ತಿಗೆ ಊತ, ಉರಿ, ಸಿಪ್ಪೆ ಇರುವುದಿಲ್ಲ. ಆದರೆ ಕಪ್ಪು ಪೂರ್ತಿ ಹೋಗಿರುವುದಿಲ್ಲ, ಅದಕ್ಕೆ ಕೆಲವು ತಿಂಗಳು ಬೇಕು. ಮತ್ತೆ ಬಿಸಿಲು ಬಿದ್ದರೆ ಮತ್ತೆ ಗಾಢವಾಗುತ್ತದೆ. ಮದುವೆಗೆ ಅಂತ ಪಾರ್ಲರಿನಲ್ಲಿ ಬ್ಲೀಚ್, ಫೇಷಿಯಲ್ ಮಾಡಿಸಬೇಡಿ. ಹೊಸ ಚರ್ಮ ಅದನ್ನು ತಡೆಯುವುದಿಲ್ಲ, ಇನ್ನಷ್ಟು ಕಪ್ಪಾಗುತ್ತದೆ. ಅವತ್ತು ಸ್ವಲ್ಪ ಪೌಡರ್ ಹಚ್ಚಿಕೊಂಡು ಹಾಯಾಗಿರಿ.

ಕೈ ಉಗುರುಗಳ ಮೇಲೂ ಕಣ್ಣಿಡಿ ತಂಗಿ. ಬಿಸಿಲುಗಾಯ ಆರಿದ ಎರಡು ಮೂರು ವಾರದ ಮೇಲೆ ಉಗುರಿನ ತುದಿ ಮಾಂಸದಿಂದ ಬಿಟ್ಟುಕೊಂಡು ಬಿಳಿಯಾಗಿಯೋ ಹಳದಿಯಾಗಿಯೋ ಕಾಣಬಹುದು, ನೋಯಲೂಬಹುದು. ಅದೂ ಇದೇ ಮಾತ್ರೆ, ಇದೇ ಬಿಸಿಲಿನ ಕೆಲಸ. ಫಂಗಸ್ ಅಂತ ತಿಳಿದು ತಿಂಗಳುಗಟ್ಟಲೆ ಮದ್ದು ತಿನ್ನುವವರಿದ್ದಾರೆ. ಉಗುರು ಗಿಡ್ಡ ಕತ್ತರಿಸಿ, ಕೆಳಗೆ ಕಡ್ಡಿ ಹಾಕಿ ಕೆರೆಯಬೇಡಿ. ಹೊಸ ಉಗುರು ಬೆಳೆದಂತೆ ಸರಿಹೋಗುತ್ತದೆ.

ನಾನು ಹೇಳಿದ್ದೆಲ್ಲ ನಿಮ್ಮ ಪತ್ರ ನಂಬಿ. ಆದರೆ ಮುಖ, ಕೈ ಮೇಲೆ ಮಾತ್ರ ಬರುವ ಬೇರೆ ಕಾಯಿಲೆಗಳೂ ಇವೆ. ನಮ್ಮ ಕಡೆ ಕಾಂಗ್ರೆಸ್ ಕಸ ಎಲ್ಲಿ ನೋಡಿದರೂ ಇದೆ, ಕೆರೆ ಏರಿಯ ಮೇಲಂತೂ ಕೇಳುವುದೇ ಬೇಡ. ಅದರ ಅಲರ್ಜಿಯೂ ಮುಖ, ಕುತ್ತಿಗೆ, ಕೈಗೇ ಬರುತ್ತದೆ. ಆದರೆ ಉರಿಗಿಂತ ತುರಿಕೆ ಜಾಸ್ತಿ. ಗಾಳಿಯಲ್ಲಿ ಹಾರುವ ಪುಡಿ ನೆರಳು ಬಿಸಿಲು ನೋಡುವುದಿಲ್ಲ, ಹಾಗಾಗಿ ಕಣ್ಣರೆಪ್ಪೆ, ಕಿವಿಯ ಹಿಂದೆ, ಮೊಣಕೈ ಮಡಿಕೆಯಲ್ಲೂ ಕೂರುತ್ತದೆ. ಕೆನ್ನೆಯ ಕೆಂಪಿನ ಜೊತೆ ಕೀಲುನೋವು, ಬಾಯಿಹುಣ್ಣು, ಕೂದಲು ಉದುರುವುದು, ಬಿಟ್ಟು ಬಿಟ್ಟು ಜ್ವರ ಇದ್ದರೆ ಲೂಪಸ್ ಅನ್ನುವ ಕಾಯಿಲೆಗೆ ರಕ್ತ ಪರೀಕ್ಷೆ ಆಗಬೇಕು. ಇನ್ನೊಂದು ಪೆಲಾಗ್ರಾ. ಕುತ್ತಿಗೆಗೆ ಸರ ಹಾಕಿದಂತೆ ಕಪ್ಪು ಪಟ್ಟಿ, ಕೈ ಕಾಲಿನ ಮೇಲೆ ಸುಟ್ಟಂಥ ಕಪ್ಪು, ಜೊತೆಗೆ ಭೇದಿ, ಮಂಕು. ಇದು ನಯಾಸಿನ್ ಅನ್ನುವ ವಿಟಮಿನ್ ಕೊರತೆ. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಪೌಷ್ಟಿಕಾಂಶ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು ದಖ್ಖನ್ ಸೀಮೆಯ ಬರೀ ಜೋಳ ಉಣ್ಣುವ ಬಡವರಲ್ಲಿ ಇದನ್ನು ನೋಡಿ, 1960ರಲ್ಲಿ ಜೋಳದಲ್ಲಿರುವ ಲ್ಯೂಸಿನ್ ಅನ್ನುವ ಪ್ರೋಟೀನ್ ಅಂಶದ ಕಡೆ ಬೆರಳು ತೋರಿಸಿದ್ದರು. ಹಾಗಂತ ಜೋಳದ ರೊಟ್ಟಿ ಬಿಡಬೇಡಿ. ರೊಟ್ಟಿ ಜೊತೆ ಬೇಳೆ, ಶೇಂಗಾ, ಮೊಟ್ಟೆ ಇದ್ದರೆ ತೊಂದರೆ ಇಲ್ಲ. ಈಗ ಇದು ಹೆಚ್ಚಾಗಿ ಕಾಣುವುದು ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ. ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದಲೂ ಅಪರೂಪಕ್ಕೆ ಬರುತ್ತದೆ.

ಬಿಸಿಲಿಗೆ ಕೆರಳುವ ಮದ್ದು ಡಾಕ್ಸಿಸೈಕ್ಲಿನ್ ಒಂದೇ ಅಲ್ಲ. ಭೇದಿಗೆ, ಉರಿಮೂತ್ರಕ್ಕೆ ಸುಮ್ನೆ ಕೇಳಿ ತಂದು ನುಂಗುವ ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ಸಲ್ಫಾ ಇರುವ ಕೋಟ್ರೈಮಾಕ್ಸಜೋಲ್ ಇವೂ ಮಾಡಬಲ್ಲವು. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮಂಡಿನೋವಿಗೆ ಉಜ್ಜುವ ಕೀಟೊಪ್ರೊಫೆನ್ ಜೆಲ್ ಕೂಡ ಇದೇ ಪಟ್ಟಿಯಲ್ಲಿವೆ. ಅಮಾಕ್ಸಿಸಿಲಿನ್‌ನಿಂದ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಆ್ಯಂಟಿಬಯೋಟಿಕ್ ಅಂದಮಾತ್ರಕ್ಕೆ ಎಲ್ಲದಕ್ಕೂ ಹೆದರಬೇಕಾಗಿಲ್ಲ.

ಕೆಲವು ಲಕ್ಷಣ ಕಂಡರೆ ಕಾಯಬೇಡಿ, ರಾಯಚೂರಿನ ರಿಮ್ಸ್ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಅವತ್ತೇ ಹೋಗಿ: ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು, ಬಿಸಿಲು ಬೀಳದ ಕಡೆಯೂ ಚರ್ಮ ಎದ್ದು ಬರುವುದು, ಜ್ವರ, ಮುಖ ನಾಲಿಗೆ ಊದಿ ಉಸಿರಾಟಕ್ಕೆ ಕಷ್ಟ. ಡಾಕ್ಸಿಸೈಕ್ಲಿನ್ ನುಂಗುವಾಗ ಜೋರು ತಲೆನೋವು ಬಂದು ಕಣ್ಣು ಮಂಜಾದರೂ ಅಷ್ಟೇ. ತಲೆಯೊಳಗಿನ ಒತ್ತಡ ಏರಿರಬಹುದು.

ಹೋಗುವಾಗ ಖಾಲಿಯಾದ ಮಾತ್ರೆ ಪಟ್ಟಿ, ಟ್ಯೂಬು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕೈ ಸುಟ್ಟ ದಿನದ ಫೋಟೊ ಮೊಬೈಲಿನಲ್ಲಿದ್ದರೆ ತೋರಿಸಿ, ಹದಿನೈದು ದಿನ ಬಿಟ್ಟು ನೋಡಿದರೆ ಡಾಕ್ಟರಿಗೆ ಬರೀ ಕಪ್ಪು ಕಾಣುತ್ತದೆ. ನಿಮ್ಮ ಚೀಟಿಯ ಮೇಲೆ ‘ಡಾಕ್ಸಿಸೈಕ್ಲಿನ್: ಬಿಸಿಲಿಗೆ ಸುಟ್ಟಿದೆ’ ಅಂತ ಬರೆಸಿಕೊಳ್ಳಿ. ಮದ್ದಿನಿಂದ ಹೀಗೆ ತೊಂದರೆಯಾದರೆ ಅದನ್ನು ದಾಖಲಿಸಲು ಸರ್ಕಾರದ ಒಂದು ಸಹಾಯವಾಣಿ ಇದೆ, 1800-180-3024. ಡಾಕ್ಟರೇ ಹೇಳಬೇಕು ಅಂತಿಲ್ಲ, ನೀವೇ ಕರೆ ಮಾಡಬಹುದು. ಕರೆಗೆ ದುಡ್ಡು ಬೀಳುವುದಿಲ್ಲ.